ಮುಂಬೈ ಫ್ಲ್ಯಾಟಿನಲ್ಲಿ ತರಕಾರಿ: ಯಾವುದಕ್ಕೆ ಮಣ್ಣು, ಯಾವುದಕ್ಕೆ ಬರೀ ನೀರು

ಮಣ್ಣಿಲ್ಲದೆ ನೀರಿನಲ್ಲಿ ಬೆಳೆಯುವುದು ಒಳ್ಳೆಯದಾ, ಕುಂಡಕ್ಕೆ ಮಣ್ಣು ತುಂಬಿ ಬೆಳೆಯುವುದು ಒಳ್ಳೆಯದಾ? ಡೊಂಬಿವಲಿ, ಮುಲುಂಡ್, ಕಾಂದಿವಲಿ ಕಡೆಯ ನಮ್ಮವರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ನನ್ನ ಮಟ್ಟಿಗೆ ಮುಂಬೈಯಲ್ಲಿ ಎರಡರಲ್ಲಿ ಒಂದನ್ನು ಆರಿಸುವ ಅಗತ್ಯವೇ ಇಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಎಳೆ ಸೊಪ್ಪುಗಳನ್ನು ನೀರಿನಲ್ಲಿ ಬೆಳೆಯಿರಿ. ಮಳೆಗಾಲಕ್ಕೆ, ಬಳ್ಳಿಗಳಿಗೆ, ನಮ್ಮ ಊರಿನ ಬಸಳೆ, ತೊಂಡೆ, ಕರಿಬೇವಿಗೆ ಮಣ್ಣೇ ಸರಿ. ಯಾಕೆ ಹೀಗೆ, ಹೇಗೆ ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ. ಪುಣೆ, ಗೋವಾದಲ್ಲಿರುವವರಿಗೆ ಎಲ್ಲಿ ಲೆಕ್ಕ ಬೇರೆಯಾಗುತ್ತದೋ ಅಲ್ಲಿ ಅದನ್ನೂ ಹೇಳುತ್ತೇನೆ.

ಮೊದಲು ವ್ಯತ್ಯಾಸ ಅರ್ಥ ಮಾಡಿಕೊಳ್ಳಿ

ಗಿಡಕ್ಕೆ ಮಣ್ಣೇ ಬೇಕು ಅಂತೇನಿಲ್ಲ. ಬೇಕಾಗಿರುವುದು ಬೆಳಕು, ಗಾಳಿ, ನೀರು, ಬೇರಿಗೆ ಆಮ್ಲಜನಕ, ಮತ್ತೆ 14 ಬಗೆಯ ಖನಿಜ ಪೋಷಕಾಂಶ. ಜರ್ಮನಿಯಲ್ಲಿ ಸಾಕ್ಸ್ ಮತ್ತು ಕ್ನಾಪ್ ಅನ್ನುವ ವಿಜ್ಞಾನಿಗಳು 1860ರ ದಶಕದಲ್ಲೇ ನೀರಿಗೆ ಲವಣ ಬೆರೆಸಿ ಗಿಡ ಬೆಳೆಸಿ ತೋರಿಸಿದ್ದರು. ನಮ್ಮ ದೇಶಕ್ಕೂ ಇದು ಹೊಸದಲ್ಲ. 1940ರ ದಶಕದಲ್ಲಿ ಬಂಗಾಳದ ಕಾಲಿಂಪಾಂಗ್ ಕಡೆ ಶೋಲ್ಟೋ ಡಗ್ಲಸ್ ಅನ್ನುವವರು ಕಡಿಮೆ ಖರ್ಚಿನಲ್ಲಿ ಮಣ್ಣಿಲ್ಲದ ಬೇಸಾಯ ಮಾಡುವ ಪ್ರಯೋಗ ನಡೆಸಿದ್ದರು.

ಮಣ್ಣು ಏನು ಮಾಡುತ್ತದೆ ಅಂದರೆ, ಗೊಬ್ಬರ ಜಾಸ್ತಿ ಬಿದ್ದರೆ ಒಂದಷ್ಟನ್ನು ಹಿಡಿದಿಟ್ಟುಕೊಂಡು ಆಮೇಲೆ ನಿಧಾನವಾಗಿ ಬಿಡುತ್ತದೆ. ಹುಳಿಯಂಶ (ಪಿಎಚ್) ತಕ್ಷಣ ಏರುಪೇರಾಗಲು ಬಿಡುವುದಿಲ್ಲ. ಹಿಂಡಿ, ಸಗಣಿ, ಕಾಂಪೋಸ್ಟ್ ಏನೇ ಹಾಕಿದರೂ ಅದರಲ್ಲಿರುವ ಸೂಕ್ಷ್ಮಜೀವಿಗಳು ಗಿಡ ತಿನ್ನುವ ರೂಪಕ್ಕೆ ತರುತ್ತವೆ. ಈ ಮೂರೂ ಕೆಲಸ ನೀರಿನ ಡಬ್ಬದಲ್ಲಿ ನಡೆಯುವುದಿಲ್ಲ. ಅಲ್ಲಿ ಎಲ್ಲವನ್ನೂ ನೀವೇ ಅಳೆದು ಕೊಡಬೇಕು. ಕೊಟ್ಟರೆ ಗಿಡ ಬೇಗ ಬೆಳೆಯುತ್ತದೆ, ಯಾಕೆಂದರೆ ಊಟ ಹುಡುಕಿಕೊಂಡು ಬೇರು ದೂರ ಹೋಗಬೇಕಿಲ್ಲ. ತಪ್ಪಿದರೆ ಎರಡೇ ದಿನದಲ್ಲಿ ಎಲೆ ಹೇಳಿಬಿಡುತ್ತದೆ. ಊರಿಗೆ ಹೋಗಿ ಹತ್ತು ದಿನ ಬರದಿದ್ದರೆ ಮಣ್ಣಿನ ಗಿಡಕ್ಕೆ ಪಕ್ಕದ ಮನೆಯವರು ನೀರು ಹಾಕಿದರೆ ಸಾಕು. ಪಂಪು ಇರುವ ವ್ಯವಸ್ಥೆಯನ್ನು ಹಾಗೆ ಒಪ್ಪಿಸಿ ಹೋಗಲು ಆಗುವುದಿಲ್ಲ.

ನೀರು ಉಳಿಯುತ್ತದೆ ಅನ್ನುವುದು ನಿಜವೇ. ಅಮೆರಿಕದ ಅರಿಜೋನಾದಲ್ಲಿ ಲೆಟ್ಯೂಸ್ ಬೆಳೆ ಇಟ್ಟುಕೊಂಡು ಮಾಡಿದ ಒಂದು ಲೆಕ್ಕ 2015ರಲ್ಲಿ ಪ್ರಕಟವಾಯಿತು. ಒಂದು ಕಿಲೋ ಲೆಟ್ಯೂಸಿಗೆ ಹೊಲದಲ್ಲಿ ಸುಮಾರು 250 ಲೀಟರ್ ನೀರು ಬೇಕಾದರೆ ಹೈಡ್ರೋಪೋನಿಕ್ಸ್‌ನಲ್ಲಿ, ಅಂದರೆ ಮಣ್ಣಿಲ್ಲದೆ ನೀರಿನಲ್ಲಿ ಬೆಳೆಯುವ ಈ ಪದ್ಧತಿಯಲ್ಲಿ, ಸುಮಾರು 20 ಲೀಟರ್ ಸಾಕು. ಅಷ್ಟೇ ಜಾಗದಲ್ಲಿ ಇಳುವರಿ 11 ಪಟ್ಟು. ಇಷ್ಟನ್ನು ಎಲ್ಲ ಮಾರಾಟಗಾರರೂ ಹೇಳುತ್ತಾರೆ. ಅದೇ ಲೆಕ್ಕದಲ್ಲಿ ವಿದ್ಯುತ್ತು ಮತ್ತಿತರ ಶಕ್ತಿಯ ಖರ್ಚು 82 ಪಟ್ಟು ಅಂತಲೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಅದರಲ್ಲಿ ಬಹುಪಾಲು ಗ್ರೀನ್‌ಹೌಸನ್ನು ಬಿಸಿ ಮಾಡಲು, ತಂಪು ಮಾಡಲು ಹೋಗುವ ಖರ್ಚು. ಬಾಲ್ಕನಿಯಲ್ಲಿ ಬಿಸಿಲು ಬಳಸಿ, ಪಂಪಿಲ್ಲದೆ, ತಂಪು ಕಾಲದಲ್ಲಿ ಮಾತ್ರ ಬೆಳೆದರೆ ಆ ಖರ್ಚು ನಮಗೆ ಇರುವುದೇ ಇಲ್ಲ. ಈ ಮಾರ್ಗದರ್ಶಿ ಪೂರ್ತಿ ನಿಂತಿರುವುದು ಇದರ ಮೇಲೆ.

ಬೀಜ ಕೊಳ್ಳುವ ಮುಂಚೆ ಬಿಸಿಲು ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮುಂಬೈ ಇರುವುದು 19 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡು ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ಚೆನ್ನಾಗಿ ವಾಲಿರುತ್ತಾನೆ. ಹಾಗಾಗಿ ದಕ್ಷಿಣದ ಗ್ರಿಲ್‌ಗೆ ಡಿಸೆಂಬರಿನಲ್ಲಿ ಬಿಸಿಲು ಒಳಗಿನವರೆಗೆ ಬರುತ್ತದೆ, ಜೂನ್‌ನಲ್ಲಿ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಉತ್ತರದ ಗ್ರಿಲ್‌ಗೆ ಇದರ ಉಲ್ಟಾ. ಪೂರ್ವಕ್ಕೆ ಬೆಳಗಿನ ಬಿಸಿಲು, ಎಲ್ಲ ಸೊಪ್ಪಿಗೂ ಅದು ಒಳ್ಳೆಯದು. ಪಶ್ಚಿಮದ ಬಿಸಿಲು ಬೇಸಿಗೆಯಲ್ಲಿ ನೀರಿನ ಡಬ್ಬವನ್ನು ಕಾಯಿಸಿಬಿಡುತ್ತದೆ, ಅಲ್ಲಿಗೆ ಮಣ್ಣಿನ ಬಳ್ಳಿಯೇ ಸರಿ.

ಸೊಪ್ಪಿಗೆ ದಿನಕ್ಕೆ 4 ಗಂಟೆಯಾದರೂ ನೇರ ಬಿಸಿಲು ಬೇಕು. ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆಗೆ 6 ಗಂಟೆ. ಎದುರಿಗೆ ಟವರ್ ಎದ್ದು ಎರಡೇ ಗಂಟೆ ಬಿಸಿಲು ಬರುವ ಮನೆಯಾದರೆ ಪುದೀನ, ದೊಡ್ಡಪತ್ರೆ, ಮೆಂತ್ಯದ ಮೊಳಕೆ ಸೊಪ್ಪು ಇಷ್ಟಕ್ಕೆ ನಿಲ್ಲಿಸಿ. ಗ್ರೋ ಲೈಟ್ ಹಾಕಿ ಬೆಳೆಯಬಹುದು, ಆದರೆ ಬಿಸಿಲಿರುವ ಊರಿನಲ್ಲಿ ಕರೆಂಟು ಸುಟ್ಟು ಪಾಲಕ್ ಬೆಳೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಯಾವ ಗಿಡ ಎಲ್ಲಿಗೆ

ನೀರಿಗೆ: ಲೆಟ್ಯೂಸ್, ಬಾಕ್ ಚಾಯ್, ಬೇಸಿಲ್, ಪಾಲಕ್, ಹರಿವೆ, ಪುದೀನ. ಎಲ್ಲವೂ ಬೇಗ ಬರುವಂಥವು, ಬೇರು ಚಿಕ್ಕದು.

ಮಣ್ಣಿಗೆ: ಬಸಳೆ, ತೊಂಡೆ, ಹೀರೆ, ಬೆಂಡೆ, ಕರಿಬೇವು, ಅರಿಶಿನ, ಶುಂಠಿ, ಮೂಲಂಗಿ, ಕೆಸುವು. ಗೆಡ್ಡೆ ಕಟ್ಟುವಂಥದ್ದನ್ನು, ವರ್ಷಗಟ್ಟಲೆ ನಿಲ್ಲುವಂಥದ್ದನ್ನು ನೀರಿನಲ್ಲಿ ಬೆಳೆಯಲು ಹೋಗಬೇಡಿ. ಮಾಡಲಾಗುವುದಿಲ್ಲ ಅಂತಲ್ಲ, ಶ್ರಮಕ್ಕೆ ತಕ್ಕ ಫಲ ಇಲ್ಲ.

ಟೊಮೆಟೊ, ಮೆಣಸಿನಕಾಯಿ ಎರಡೂ ಕಡೆ ಬರುತ್ತವೆ. ಆದರೆ ನೀರಿನಲ್ಲಿ ಒಂದು ಟೊಮೆಟೊ ಗಿಡಕ್ಕೆ ಕನಿಷ್ಠ 20 ಲೀಟರಿನ ಬಕೆಟ್, ಗಾಳಿಯ ಪಂಪು, ವಾರವಾರವೂ ಅಳತೆ ಬೇಕು. ಮೊದಲ ವರ್ಷ ಮಣ್ಣಿನಲ್ಲೇ ಬೆಳೆಯಿರಿ.

ಕೊತ್ತಂಬರಿ, ಮೆಂತ್ಯಕ್ಕೆ ಮೂರನೇ ದಾರಿ ಒಂದಿದೆ. ಮುಂಬೈ ಮಾರುಕಟ್ಟೆಯಲ್ಲಿ ಬೇರು ಸಮೇತ ಪುಟ್ಟ ಪುಟ್ಟ ಕಟ್ಟು ಮಾಡಿ ಮಾರುವ ಸಮುದ್ರ ಮೇಥಿ ನೋಡಿದ್ದೀರಲ್ವಾ? ಅದು ಮರಳಿನಲ್ಲಿ ಬೆಳೆದ ಎಳೆ ಮೆಂತ್ಯ. ಮನೆಯಲ್ಲೂ ಹಾಗೇ ಮಾಡಬಹುದು. ತಳಕ್ಕೆ ತೂತು ಮಾಡಿದ ಅಗಲ ಟ್ರೇಗೆ ತೊಳೆದ ಮರಳು ಮತ್ತು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮಸಮ ಬೆರೆಸಿ ಮೂರು ಇಂಚು ಹಾಕಿ. ಒಂದು ರಾತ್ರಿ ನೆನೆಸಿದ ಮೆಂತ್ಯ ಒತ್ತೊತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮರಳು ಉದುರಿಸಿ. ಎರಡು ವಾರದೊಳಗೆ ಕೀಳಬಹುದು. ಅಷ್ಟು ಕಡಿಮೆ ದಿನಕ್ಕೆ ಬೀಜದೊಳಗಿನ ಸತ್ವವೇ ಬಹುಪಾಲು ಸಾಕು, ಗೊಬ್ಬರದ ಗೊಡವೆ ಇಲ್ಲ. ಹೈಡ್ರೋಪೋನಿಕ್ಸ್ ಕಲಿಯುವ ಮುಂಚೆ ಇದನ್ನು ಒಮ್ಮೆ ಮಾಡಿ ನೋಡಿ, ಕೈ ಪಳಗುತ್ತದೆ.

ಪಂಪಿಲ್ಲದ ನೀರಿನ ಪೆಟ್ಟಿಗೆ, ಹಂತ ಹಂತವಾಗಿ

ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ರೂಪಿಸಿದ ವಿಧಾನ ಇದು, ಅವರ ಹೆಸರಿನಲ್ಲೇ ಕರೆಯುತ್ತಾರೆ. ಕರೆಂಟು ಬೇಡ, ಪೈಪು ಬೇಡ. ಗಿಡ ನೀರು ಕುಡಿದಂತೆ ಮಟ್ಟ ಇಳಿಯುತ್ತದೆ. ಇಳಿದಾಗ ಮೇಲಿನ ಬೇರು ತೇವದ ಗಾಳಿಯಲ್ಲಿ ನೇತಾಡುತ್ತ ಆಮ್ಲಜನಕ ಎಳೆದುಕೊಳ್ಳುತ್ತದೆ, ಕೆಳಗಿನ ಬೇರು ನೀರು, ಪೋಷಕಾಂಶ ಎಳೆದುಕೊಳ್ಳುತ್ತದೆ.

ಪೆಟ್ಟಿಗೆಗೆ ನನ್ನ ಆಯ್ಕೆ ಮೀನು ಮಾರುಕಟ್ಟೆಯಲ್ಲಿ ಸಿಗುವ ದಪ್ಪ ಥರ್ಮಾಕೋಲ್ ಪೆಟ್ಟಿಗೆ. ಮುಚ್ಚಳ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ ಮುಂಬೈ ಬಿಸಿಲು ಒಳಗಿನ ನೀರನ್ನು ಬೇಗ ಕಾಯಿಸುವುದಿಲ್ಲ. ಪ್ಲಾಸ್ಟಿಕ್ ಟಬ್ಬಿಗೆ ಈ ಗುಣ ಇಲ್ಲ. ಸೋಪು ಹಾಕಿ ಉಪ್ಪು, ವಾಸನೆ ಹೋಗುವವರೆಗೆ ತೊಳೆದು ಒಂದೆರಡು ದಿನ ಬಿಸಿಲಿಗಿಡಿ. ಒಳಗೆ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆ ಟೇಪ್ ಹಾಕಿ. ಸೋರುವುದಿಲ್ಲ, ಬೆಳಕೂ ಒಳಗೆ ಹೋಗುವುದಿಲ್ಲ. ಬೆಳಕು ಹೋದರೆ ಪಾಚಿ ಬರುತ್ತದೆ, ಪಾಚಿ ಬಂದರೆ ಗಿಡದ ಊಟವನ್ನು ಅದೇ ತಿನ್ನುತ್ತದೆ.

ಒಂದು ಲೆಟ್ಯೂಸ್ ಗಿಡಕ್ಕೆ ಬೆಳೆ ಮುಗಿಯುವವರೆಗೆ ಸುಮಾರು 4 ಲೀಟರ್ ದ್ರಾವಣ, ಅಂದರೆ ಪೋಷಕಾಂಶ ಬೆರೆಸಿದ ನೀರು, ಬೇಕು. ಅದನ್ನು ತಯಾರಿಸುವುದು ಹೇಗೆ ಅಂತ ಮುಂದೆ ಹೇಳುತ್ತೇನೆ. 16ರಿಂದ 20 ಲೀಟರ್ ಹಿಡಿಯುವ ಪೆಟ್ಟಿಗೆಗೆ ನಾಲ್ಕು ಗಿಡ, ಅದಕ್ಕಿಂತ ಜಾಸ್ತಿ ಬೇಡ. ಮುಚ್ಚಳದಲ್ಲಿ 8 ಇಂಚು ಅಂತರಕ್ಕೆ ಒಂದೊಂದು ತೂತು ಮಾಡಿ. 2 ಇಂಚಿನ ನೆಟ್ ಪಾಟ್ (ಬೇರು ಹೊರಬರಲು ಜಾಲರಿಯಂತೆ ತೂತುಗಳಿರುವ ಪುಟ್ಟ ಕುಂಡ) ತೂತಿನ ಅಂಚಿನ ಮೇಲೆ ಬಿಗಿಯಾಗಿ ಕೂರಬೇಕು, ಸಂದಿ ಇರಬಾರದು.

ಬೀಜವನ್ನು ಒಂದು ಇಂಚಿನ ಸ್ಪಾಂಜ್ ತುಂಡಿನಲ್ಲಿ ಮೊಳೆಸಿ. ತುಂಡಿನ ನಡುವೆ ಬ್ಲೇಡಿನಿಂದ ಗೀರಿ, ನೀರಿನಲ್ಲಿ ಅದ್ದಿ ಹಿಂಡಿ, ಗೀರಿನ ಬಾಯಲ್ಲೇ ಬೀಜ ಇಡಿ. ಒಳಕ್ಕೆ ತಳ್ಳಬೇಡಿ, ಲೆಟ್ಯೂಸ್ ಬೀಜಕ್ಕೆ ಬೆಳಕು ಬೇಕು. ತಂಪೂ ಬೇಕು. ಅಕ್ಟೋಬರ್ ಶೆಕೆಯಲ್ಲಿ ಹಾಕಿದರೆ ಬೀಜ ಸುಮ್ನೆ ಮಲಗಿಬಿಡುತ್ತದೆ, ಕೆಟ್ಟ ಬೀಜ ಅಂತ ಎಸೆಯಬೇಡಿ. ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಎರಡು ಮೂರು ದಿನ ಫ್ರಿಜ್‌ನಲ್ಲಿಟ್ಟು ಆಮೇಲೆ ಸ್ಪಾಂಜಿಗೆ ಹಾಕಿ. ಮೊಳಕೆ ಕಂಡ ದಿನವೇ ಬೆಳಕಿಗೆ ತನ್ನಿ. ಒಂದು ದಿನ ತಡವಾದರೂ ದಂಟು ದಾರದ ಹಾಗೆ ಉದ್ದವಾಗಿ ಬಾಗುತ್ತದೆ, ಆಮೇಲೆ ಅದು ನೆಟ್ಟಗಾಗುವುದಿಲ್ಲ.

ಮೊದಲ ಜೋಡಿ ಎಲೆಯವರೆಗೆ ಬರೀ ನೀರು ಸಾಕು. ಅವು ಬೀಜದೊಳಗೇ ಇದ್ದ ಎಲೆಗಳು. ಅವುಗಳ ನಂತರ ನಿಜವಾದ ಎಲೆ ಕಾಣಿಸಿದ ಮೇಲೆ ಅರ್ಧ ಶಕ್ತಿಯ ದ್ರಾವಣ ಕೊಡಿ. ಮೂರು ನಾಲ್ಕು ಎಲೆ ಬಂದು ಸ್ಪಾಂಜಿನ ತಳದಿಂದ ಬಿಳಿ ಬೇರು ಇಣುಕಿದಾಗ ನೆಟ್ ಪಾಟಿಗೆ ಹಾಕಿ ಪೆಟ್ಟಿಗೆಯ ಮೇಲೆ ಕೂರಿಸಿ. ಆ ದಿನ ನೀರಿನ ಮಟ್ಟ ನೆಟ್ ಪಾಟಿನ ತಳವನ್ನು ಒಂದು ಸೆಂಟಿಮೀಟರ್ ಮುಟ್ಟಿರಬೇಕು.

ಇಲ್ಲಿಂದ ಮುಂದೆ ನೀರು ಇಳಿಯುತ್ತದೆ. ಇಳಿಯಲು ಬಿಡಿ. ಇಳಿದಿದೆ ಅಂತ ಮತ್ತೆ ಮೇಲಿನವರೆಗೆ ತುಂಬಿದರೆ ಗಾಳಿಗೆ ಒಗ್ಗಿದ ಬೇರು ಮುಳುಗಿ ಉಸಿರುಕಟ್ಟುತ್ತದೆ. ತೀರಾ ತಳ ಮುಟ್ಟುವ ಹಾಗಿದ್ದರೆ ಪೆಟ್ಟಿಗೆಯ ಕಾಲು ಭಾಗದಷ್ಟು ಮಾತ್ರ ಹಾಕಿ. ಲೆಟ್ಯೂಸ್ ಬೀಜದಿಂದ ಕೊಯ್ಲಿಗೆ ಸುಮಾರು 45ರಿಂದ 55 ದಿನ. ಹೊರಗಿನ ಎಲೆಗಳನ್ನು ಮಾತ್ರ ಮುರಿದುಕೊಂಡರೆ ಇನ್ನೂ ಬೇಗ ಶುರು ಮಾಡಬಹುದು.

ದ್ರಾವಣ: ಇಲ್ಲಿ ಅಂದಾಜು ನಡೆಯುವುದಿಲ್ಲ

ಎ ಮತ್ತು ಬಿ ಅಂತ ಎರಡು ಬಾಟಲಿಯಲ್ಲಿ ಸಿಗುವ ತಯಾರಿ ಪೋಷಕ ಕೊಳ್ಳಿ. ಎರಡು ಯಾಕೆ ಅಂದರೆ ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಇರುತ್ತದೆ, ಇನ್ನೊಂದರಲ್ಲಿ ಸಲ್ಫೇಟ್, ಫಾಸ್ಫೇಟ್. ಗಟ್ಟಿ ದ್ರಾವಣವಾಗಿ ಇವು ಒಂದಕ್ಕೊಂದು ತಾಗಿದರೆ ಬಿಳಿ ಗಸಿಯಾಗಿ ತಳ ಸೇರುತ್ತವೆ, ಗಿಡಕ್ಕೆ ಸಿಗುವುದಿಲ್ಲ. ಅದಕ್ಕೇ ಮೊದಲು ಪೂರ್ತಿ ನೀರು ಹಾಕಿ. ಎ ಹಾಕಿ ಚೆನ್ನಾಗಿ ಕಲಕಿ. ಆಮೇಲೆ ಬಿ ಹಾಕಿ ಕಲಕಿ. ಹುಳಿ ಸರಿಪಡಿಸುವುದು ಕೊನೆಗೆ. ಎರಡಕ್ಕೂ ಒಂದೇ ಅಳತೆ ಮುಚ್ಚಳ ಬಳಸಬೇಡಿ.

ಹೊಲಕ್ಕೆ ಹಾಕುವ 19:19:19 ಪುಡಿಯನ್ನು ನೀರಿಗೆ ಕಲಸಿದರೆ ಆಗುತ್ತದಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಸಾರಜನಕದ ದೊಡ್ಡ ಪಾಲು ಯೂರಿಯಾ ಮತ್ತು ಅಮೋನಿಯಾ ರೂಪದಲ್ಲಿರುತ್ತದೆ. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡಿಕೊಡುತ್ತವೆ, ಪೆಟ್ಟಿಗೆಯ ಶುದ್ಧ ನೀರಿನಲ್ಲಿ ಆ ಕೆಲಸ ಮಾಡುವವರಿಲ್ಲ. ಹಾಗೇ ಎರೆಗೊಬ್ಬರದ ನೀರು, ಹಿಂಡಿ ನೆನೆಸಿದ ನೀರನ್ನೂ ಪೆಟ್ಟಿಗೆಗೆ ಹಾಕಬೇಡಿ. ಕೊಳೆತು ನಾರುತ್ತದೆ. ಅದರ ಜಾಗ ಮಣ್ಣಿನ ಕುಂಡ.

ಅಳೆಯಲು ಎರಡು ಸಾಮಾನು ಬೇಕು. ಒಂದು, ಕುಡಿಯುವ ನೀರು ಪರೀಕ್ಷಿಸುವ ಟಿಡಿಎಸ್ ಪೆನ್, ಕರಗಿರುವ ಲವಣ ಎಷ್ಟು ಅಂತ ಅದು ತೋರಿಸುತ್ತದೆ. ಇನ್ನೊಂದು, ಮೀನಿನ ಅಂಗಡಿಯಲ್ಲಿ ಸಿಗುವ ಪಿಎಚ್ ಹನಿ ಕಿಟ್. ಕ್ರಾಫರ್ಡ್ ಮಾರ್ಕೆಟ್, ಕುರ್ಲಾ ಕಡೆಯ ಅಕ್ವೇರಿಯಂ ಅಂಗಡಿಗಳಲ್ಲಿ ವಿಚಾರಿಸಿ. ಪುಸ್ತಕಗಳಲ್ಲಿ ದ್ರಾವಣದ ಬಲವನ್ನು ಇಸಿ, ಅಂದರೆ ನೀರಿನ ವಿದ್ಯುತ್ ವಾಹಕತೆಯ ಲೆಕ್ಕದಲ್ಲಿ ಕೊಡುತ್ತಾರೆ. ಅಗ್ಗದ ಪೆನ್ನುಗಳಲ್ಲಿ ಸಾಮಾನ್ಯವಾಗಿ 1 ಇಸಿ ಅಂದರೆ 500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನುವ ಅಳತೆ). ಲೆಟ್ಯೂಸಿಗೆ ಇಸಿ 0.8ರಿಂದ 1.2, ಬೇಸಿಲ್‌ಗೆ 1.0ರಿಂದ 1.6, ಪಾಲಕ್‌ಗೆ 1.8ರಿಂದ 2.3, ಟೊಮೆಟೊಗೆ 2ಕ್ಕಿಂತ ಮೇಲೆ. ಅಂದರೆ ಲೆಟ್ಯೂಸಿಗೆ ನಿಮ್ಮ ಪೆನ್ನಿನಲ್ಲಿ 400ರಿಂದ 600 ಕಾಣಬೇಕು. ಪಾಲಕ್ ಮತ್ತು ಲೆಟ್ಯೂಸ್ ಒಂದೇ ಪೆಟ್ಟಿಗೆಯಲ್ಲಿ ಬೇಡ ಅನ್ನುವುದು ಇದಕ್ಕೇ.

ಹುಳಿ, ಅಂದರೆ ಪಿಎಚ್, 5.5ರಿಂದ 6.5ರೊಳಗೆ ಇರಲಿ. 7 ದಾಟಿದರೆ ಕಬ್ಬಿಣಾಂಶ ನೀರಿನಲ್ಲಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಮೊದಲು ಇದನ್ನೇ ಅನುಮಾನಿಸಿ, ಗೊಬ್ಬರ ಜಾಸ್ತಿ ಮಾಡಲು ಹೋಗಬೇಡಿ. ಇಳಿಸಲು ಹೈಡ್ರೋಪೋನಿಕ್ಸ್‌ಗೆಂದೇ ಸಿಗುವ ಪಿಎಚ್ ಡೌನ್ ಹನಿ ಹನಿಯಾಗಿ ಹಾಕಿ. ಸಾಮಾನ್ಯವಾಗಿ ಅದು ಫಾಸ್ಫರಿಕ್ ಆಮ್ಲ, ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ನಿಂಬೆರಸದಿಂದಲೂ ಇಳಿಯುತ್ತದೆ, ಆದರೆ ಒಂದೆರಡು ದಿನದಲ್ಲಿ ಮತ್ತೆ ಮೇಲೇರುತ್ತದೆ. ಏರಿಸಲು ಅಡುಗೆ ಸೋಡಾ ಬೇಡ, ಸೋಡಿಯಂ ಸೇರಿಕೊಳ್ಳುತ್ತದೆ.

ನೀರಿನ ವಿಷಯದಲ್ಲಿ ಮುಂಬೈಯವರು ಅದೃಷ್ಟವಂತರು. ಭಾತ್ಸಾ, ತಾನ್ಸಾ, ವೈತರಣಾ ಕಡೆಯಿಂದ ಬರುವ ನಲ್ಲಿ ನೀರು ಮಳೆ ನೀರೇ, ಲವಣ ಕಡಿಮೆ. ನೇರವಾಗಿ ಬಳಸಬಹುದು, ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಕೂಡ ಇಳಿಯುತ್ತದೆ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರುವ ಸೊಸೈಟಿಯಾದರೆ ಮೊದಲು ಪೆನ್ ಅದ್ದಿ ನೋಡಿ. ಪುಣೆಯ ಹೊರವಲಯದ ಎಷ್ಟೋ ಸೊಸೈಟಿಗಳಲ್ಲಿ ಈ ತೊಂದರೆ ಇದೆ. ಬರೀ ನೀರೇ ಪೆನ್ನಿನಲ್ಲಿ 300 ಪಿಪಿಎಂ ದಾಟಿದ್ದರೆ ಲೆಟ್ಯೂಸಿಗೆ ಗೊಬ್ಬರ ಹಾಕಲು ಜಾಗವೇ ಉಳಿಯುವುದಿಲ್ಲ. ಅಂಥ ಕಡೆ ಆರ್‌ಒ ನೀರು ಅರ್ಧ ಬೆರೆಸಿ, ಇಲ್ಲವೇ ಮಣ್ಣಿಗೇ ಹೋಗಿ.

ವಾರಕ್ಕೊಮ್ಮೆ ಮುಚ್ಚಳ ಎತ್ತಿ

ಎಲೆ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ಬೇರು ನೋಡಿ. ಮುಚ್ಚಳವನ್ನು ಗಿಡ ಸಮೇತ ಒಂದು ಬದಿಯಿಂದ ನಿಧಾನವಾಗಿ ಎತ್ತಿ. ಆರೋಗ್ಯದ ಬೇರು ಹಾಲಿನ ಬಿಳಿಯಾಗಿರುತ್ತದೆ. ಮೇಲ್ಭಾಗ ಸಣ್ಣ ನವಿರುಗಳಿಂದ ಮೃದುವಾಗಿ ಕಾಣುತ್ತದೆ, ತುದಿ ಚೂಪಾಗಿರುತ್ತದೆ. ಮೂಸಿದರೆ ಹಸಿ ವಾಸನೆ ಬಿಟ್ಟು ಏನೂ ಇರುವುದಿಲ್ಲ. ಬೇರು ಕಂದು ಬಣ್ಣಕ್ಕೆ ತಿರುಗಿ, ಎರಡು ಬೆರಳಲ್ಲಿ ಹಿಡಿದು ಜಗ್ಗಿದರೆ ಸಿಪ್ಪೆ ಜಾರಿ ಒಳಗಿನ ನೂಲು ಮಾತ್ರ ಉಳಿದರೆ, ಚರಂಡಿ ವಾಸನೆ ಬಂದರೆ, ಅದು ಬೇರು ಕೊಳೆ. ಪಿಥಿಯಂ ಅನ್ನುವ ಜೀವಿ ಇದಕ್ಕೆ ಸಾಮಾನ್ಯ ಕಾರಣ, ಬಿಸಿ ನೀರು ಅದಕ್ಕೆ ಅನುಕೂಲ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಗೆ ಸುಮಾರು 7.5ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬೇರಿನ ಉಸಿರಾಟವೂ ಜಾಸ್ತಿಯಾಗುತ್ತದೆ. ಬೇಡಿಕೆ ಏರಿ ಪೂರೈಕೆ ಇಳಿಯುವ ಸಮಯ ಅದು.

ಲೆಟ್ಯೂಸಿನ ಬೇರಿಗೆ 18ರಿಂದ 24 ಡಿಗ್ರಿ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಮುಂಬೈ ಬಾಲ್ಕನಿಯಲ್ಲಿ ಇದು ಸಾಧ್ಯವಿಲ್ಲ. ಐಸ್ ಬಾಟಲಿ ಮುಳುಗಿಸುವ ಸಲಹೆ ಕೇಳಿರುತ್ತೀರಿ. ಒಂದೆರಡು ದಿನದ ಬಿಸಿಗಾಳಿಗೆ ಸರಿ, ಎರಡು ತಿಂಗಳು ಮಾಡುವ ಕೆಲಸ ಅಲ್ಲ. ಸೆಖೆಗೆ ಲೆಟ್ಯೂಸ್ ಹೂಕಾಂಡ ಬಿಟ್ಟು ಎಲೆ ಕಹಿಯೂ ಆಗುತ್ತದೆ. ಪುಣೆಯವರಿಗೆ ಈ ವಿಷಯದಲ್ಲಿ ಅನುಕೂಲ ಜಾಸ್ತಿ, ಚಳಿಗಾಲದ ರಾತ್ರಿ ಅಲ್ಲಿ ಚೆನ್ನಾಗಿ ತಣಿಯುತ್ತದೆ, ಬೆಳೆಯುವ ಅವಧಿಯೂ ಉದ್ದ.

ಸೊಳ್ಳೆಯ ಮಾತು ದೊಡ್ಡದಾಗಿ ಹೇಳಬೇಕು. ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಟ್ಟರೆ ಒಂದು ವಾರ ಹತ್ತು ದಿನದೊಳಗೆ ಹಾರುವ ಸೊಳ್ಳೆ ಆಗಿಬಿಡುತ್ತದೆ. ಮುಂಬೈ ಪಾಲಿಕೆಯವರು ಮನೆ ಮನೆ ಪರಿಶೀಲಿಸುತ್ತಾರೆ, ಮರಿಹುಳು ಸಿಕ್ಕರೆ ಕ್ರಮ ತೆಗೆದುಕೊಳ್ಳುತ್ತಾರೆ. ಮುಚ್ಚಳದ ಅಂಚಿಗೆ ಸುತ್ತಲೂ ಟೇಪ್, ಖಾಲಿ ತೂತಿಗೆ ಬಿರಡೆ, ನೆಟ್ ಪಾಟಿನ ಬಾಯಿಗೆ ಸ್ಪಾಂಜ್ ಬಿಗಿ. ಬಳಸದ ಪೆಟ್ಟಿಗೆ ಬೋರಲು ಹಾಕಿಡಿ. ಪಕ್ಕದ ಮನೆಯ ಮಗುವಿಗೆ ಜ್ವರ ಬರಿಸುವ ತೋಟ ನಮಗೆ ಬೇಡ.

ಪಂಪಿನ ಬಗ್ಗೆ ಚುಟುಕಾಗಿ. ಪಾಲಕ್, ಟೊಮೆಟೊಗೆ ಅಕ್ವೇರಿಯಂನ ಗಾಳಿ ಪಂಪು, ಗುಳ್ಳೆ ಕಲ್ಲು ಹಾಕಿದರೆ ಬೆಳವಣಿಗೆ ಚುರುಕಾಗುತ್ತದೆ. ಪಿವಿಸಿ ಪೈಪಿನಲ್ಲಿ ನೀರು ಹರಿಸುವ ವ್ಯವಸ್ಥೆ ನೋಡಲು ಚೆಂದ. ಆದರೆ ಅಲ್ಲಿ ಬೇರಿಗೆ ಸಿಗುವುದು ತೆಳ್ಳನೆಯ ಹರಿವು ಮಾತ್ರ. ಬಿಸಿಲಲ್ಲಿ ಕರೆಂಟು ಕೆಲವು ಗಂಟೆ ಹೋದರೆ ಗಿಡ ಒಣಗುತ್ತದೆ. ಕಲ್ಯಾಣ್, ವಸಯಿ ಕಡೆಯವರು ಇದನ್ನು ಯೋಚಿಸಿಯೇ ದುಡ್ಡು ಹಾಕಬೇಕು. ಒಂದು ಚಳಿಗಾಲ ಪೆಟ್ಟಿಗೆಯಲ್ಲಿ ಬೆಳೆದು ನೋಡಿ, ಆಮೇಲೆ ಪೈಪಿನ ಮಾತು.

ಮಣ್ಣಿನ ಕುಂಡ, ಮುಂಬೈ ಮಳೆಗೆ ತಕ್ಕ ಹಾಗೆ

ಬಾಲ್ಕನಿಯಲ್ಲಿ ಮೊದಲ ಚಿಂತೆ ಭಾರ. 20 ಲೀಟರ್ ಚೀಲಕ್ಕೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 30 ಕಿಲೋ ದಾಟುತ್ತದೆ. ಕಿಟಕಿಯ ಬಾಕ್ಸ್ ಗ್ರಿಲ್ ಮೇಲೆ ಅಂಥ ನಾಲ್ಕು ಚೀಲ ಇಡಬೇಡಿ, ಕೆಳಗೆ ಜನ ಓಡಾಡುತ್ತಾರೆ. ಟೆರೇಸಿಗಾದರೆ ಸೊಸೈಟಿಯ ಲಿಖಿತ ಒಪ್ಪಿಗೆ ಪಡೆಯಿರಿ. ಕುಂಡಗಳನ್ನು ಇಟ್ಟಿಗೆಯ ಮೇಲಿಡಿ, ವಾಟರ್‌ಪ್ರೂಫಿಂಗ್ ಕೆಡಬಾರದು.

ನರ್ಸರಿಯ ಕೆಂಪು ಮಣ್ಣು ನಾಲ್ಕು ಪಾಲು, ಕೊಕೊಪೀಟ್ ಮೂರು, ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಮೂರು. ಒಂದು ಚೀಲಕ್ಕೆ ಎರಡು ಮುಷ್ಟಿ ಬೇವಿನ ಹಿಂಡಿ. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ಎರಡು ಮೂರು ಸಲ ತೊಳೆದು ಹಿಂಡಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಕಾಂಪೋಸ್ಟಿಗೆ ಅಂಗಡಿಗೇ ಹೋಗಬೇಕಿಲ್ಲ. ದೊಡ್ಡ ಸೊಸೈಟಿಗಳು ಹಸಿ ಕಸವನ್ನು ತಮ್ಮ ಆವರಣದಲ್ಲೇ ಗೊಬ್ಬರ ಮಾಡಬೇಕು ಅಂತ ಪಾಲಿಕೆ 2017ರಲ್ಲೇ ಹೇಳಿದೆ. ಹಾಗೆ ಮಾಡುವ ಕಡೆ ಗೊಬ್ಬರ ಒಯ್ಯುವವರೇ ಇರುವುದಿಲ್ಲ, ಕೇಳಿ ನೋಡಿ. ಪುಣೆಯಲ್ಲಿ ಕಪ್ಪು ಮಣ್ಣು ಸಿಕ್ಕರೆ ಅದರ ಪಾಲು ಅರ್ಧಕ್ಕಿಳಿಸಿ, ನೀರು ಬಸಿಯುವುದಿಲ್ಲ. ಗೋವಾದ ಜಂಬಿಟ್ಟಿಗೆ ಮಣ್ಣು ಹುಳಿ, ಚೀಲಕ್ಕೆ ಒಂದು ಮುಷ್ಟಿ ಕೃಷಿ ಸುಣ್ಣ ಬೆರೆಸಿ ಎರಡು ವಾರ ಬಿಟ್ಟು ನೆಡಿ.

ಸೊಪ್ಪಿಗೆ 6ರಿಂದ 8 ಇಂಚು ಆಳ ಸಾಕು. ಟೊಮೆಟೊ, ಬದನೆ, ಬಳ್ಳಿಗಳಿಗೆ 12ರಿಂದ 14 ಇಂಚು. ನೀರು ಹಾಕುವುದು ಗಡಿಯಾರ ನೋಡಿ ಅಲ್ಲ. ಬೆರಳನ್ನು ಒಂದು ಇಂಚು ಒಳಗೆ ತೂರಿಸಿ, ಒಣಗಿದ್ದರೆ ಮಾತ್ರ ಹಾಕಿ. ಟೊಮೆಟೊಗೆ ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಮಾಡಿದರೆ ಕ್ಯಾಲ್ಸಿಯಂ ಕಾಯಿಗೆ ತಲುಪದೆ ತುದಿ ಕಪ್ಪಾಗುತ್ತದೆ.

ಬೀಜ ತರಿಸುವುದಾದರೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ನೋಡಿ. ಹರಿವೆಗೆ ಅರ್ಕಾ ಸುಗುಣ, ಕೆಂಪು ಹರಿವೆಗೆ ಅರ್ಕಾ ಅರುಣಿಮ, ಬೆಂಡೆಗೆ ಹಳದಿ ನಂಜು ತಡೆಯುವ ಅರ್ಕಾ ಅನಾಮಿಕ, ಟೊಮೆಟೊಗೆ ಅರ್ಕಾ ರಕ್ಷಕ್. ಊರಿಂದ ಬರುವವರ ಕೈಲಿ ತರಿಸಿಕೊಳ್ಳಬಹುದು.

ನಮ್ಮ ಕಡೆಯವರಿಗೆ ಮಣ್ಣಿನ ನಿಜವಾದ ಲಾಭ ಬಸಳೆ. ಮೇ ಕೊನೆಯಲ್ಲಿ ಪೆನ್ಸಿಲ್ ದಪ್ಪದ, ಮೂರು ಗಿಣ್ಣಿರುವ ಬಳ್ಳಿಯ ತುಂಡನ್ನು ಎರಡು ಗಿಣ್ಣು ಮುಚ್ಚುವ ಹಾಗೆ ಓರೆಯಾಗಿ ನೆಡಿ. ಜೂನ್ ಎರಡನೇ ವಾರ ಮಳೆ ಹಿಡಿಯುವಾಗ ಚಿಗುರಿರುತ್ತದೆ. ಗ್ರಿಲ್‌ಗೆ ದಾರ ಕಟ್ಟಿ ಹಬ್ಬಿಸಿ. ತುದಿ ಚಿವುಟಿದಷ್ಟೂ ಕವಲೊಡೆಯುತ್ತದೆ. ಲೆಟ್ಯೂಸ್ ಕೊಳೆಯುವ ಸೆಖೆ, ತೇವದಲ್ಲಿ ಬಸಳೆ ಎಲೆ ಅಂಗೈ ಅಗಲ ಆಗುತ್ತದೆ. ತೊಂಡೆಯೂ ತುಂಡಿನಿಂದಲೇ ಬರುತ್ತದೆ, ಕಾಯಿ ಬಿಡುವ ಹೆಣ್ಣು ಬಳ್ಳಿಯದೇ ತುಂಡು ತನ್ನಿ. ಹೀರೆಯ ಹೂ ಅರಳುವುದು ಸಂಜೆ. ಎತ್ತರದ ಮಹಡಿಗೆ ಜೇನು, ಚಿಟ್ಟೆ ಬರದಿದ್ದರೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಒರೆಸಿ.

ಮುಂಬೈಯಲ್ಲಿ ಮಳೆಗಾಲಕ್ಕೆ 2000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಗೋವಾದಲ್ಲಿ ಇನ್ನೂ ಹೆಚ್ಚು. ಅದು ಕುಂಡದ ಗೊಬ್ಬರವನ್ನೆಲ್ಲ ತೊಳೆದು ಹೊರಗೆ ಹಾಕುತ್ತದೆ. ಹಾಗಾಗಿ ಮಳೆಗೆ ಮುಂಚೆ ರಾಶಿ ಗೊಬ್ಬರ ಹಾಕುವುದಕ್ಕಿಂತ ಮಳೆ ಬಿಟ್ಟಾಗೆಲ್ಲ 15 ದಿನಕ್ಕೊಮ್ಮೆ ಒಂದೊಂದು ಮುಷ್ಟಿ ಎರೆಗೊಬ್ಬರ ಹಾಕಿ. ಕುಂಡದ ಕೆಳಗಿನ ತಟ್ಟೆ ಜೂನ್‌ನಲ್ಲಿ ತೆಗೆದಿಡಿ, ಅಲ್ಲೂ ಸೊಳ್ಳೆ ಆಗುತ್ತದೆ. ನೀರಿನ ಪೆಟ್ಟಿಗೆಯನ್ನು ಮಳೆಗೆ ತೆರೆದಿಟ್ಟರೆ ದ್ರಾವಣ ತೆಳುವಾಗಿ ಅಳತೆಯೆಲ್ಲ ವ್ಯರ್ಥ.

ಹುಳು, ಹಕ್ಕಿ

ಹಿಟ್ಟು ತಿಗಣೆ, ಬಿಳಿ ನೊಣ, ಗಿಡಹೇನು ಎರಡೂ ಕಡೆ ಬರುತ್ತವೆ, ಹೈಡ್ರೋಪೋನಿಕ್ಸ್‌ಗೆ ಹುಳು ಬರುವುದಿಲ್ಲ ಅನ್ನುವುದು ಸುಳ್ಳು. ತಪ್ಪುವುದು ಮಣ್ಣಿನಿಂದ ಬರುವ ರೋಗ ಮಾತ್ರ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಒಂದೆರಡು ಹನಿ ಸೋಪಿನ ದ್ರವ ಕಲಸಿ ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ಪಾರಿವಾಳಕ್ಕೆ ಬಲೆ ಬಿಟ್ಟು ಬೇರೆ ಉಪಾಯ ಇಲ್ಲ.

ಮಾರ್ಚ್‌ನಲ್ಲಿ ಬದಲಾವಣೆ

ಮಾರ್ಚ್ ಮೊದಲ ವಾರ ಕೊನೆಯ ಲೆಟ್ಯೂಸ್ ಕಿತ್ತುಬಿಡಿ. ಉಳಿದ ದ್ರಾವಣ ಚರಂಡಿಗೆ ಚೆಲ್ಲಬೇಡಿ. ಅಷ್ಟೇ ನೀರು ಬೆರೆಸಿ ಕರಿಬೇವು, ಮೆಣಸಿನ ಗಿಡದ ಬುಡಕ್ಕೆ ಹಾಕಿ. ಬೇರಿನ ಗೊಂಚಲು ಕತ್ತರಿಸಿ ಕಾಂಪೋಸ್ಟಿಗೆ ಹಾಕಿ, ಕೊಳೆ ಬಂದಿದ್ದರೆ ಮಾತ್ರ ಕಸಕ್ಕೆ. ಪೆಟ್ಟಿಗೆ, ನೆಟ್ ಪಾಟುಗಳನ್ನು ತೆಳುವಾದ ಬ್ಲೀಚ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ತೊಳೆದು, ಬಿಸಿಲಲ್ಲಿ ಒಣಗಿಸಿ ಎತ್ತಿಡಿ. ಏಪ್ರಿಲ್, ಮೇ ಬಿಸಿಲನ್ನು ಹಳೆಯ ಮಣ್ಣಿಗೆ ಬಳಸಿಕೊಳ್ಳಿ. ಒದ್ದೆ ಮಾಡಿ ತೆಳುವಾಗಿ ಹರಡಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನಾಲ್ಕರಿಂದ ಆರು ವಾರ ಬಿಟ್ಟರೆ ರೋಗಾಣುಗಳು, ಕಳೆ ಬೀಜಗಳು ಬಹಳಷ್ಟು ಸಾಯುತ್ತವೆ. ಆಮೇಲೆ ಮೂರನೇ ಒಂದು ಪಾಲು ಹೊಸ ಕಾಂಪೋಸ್ಟ್ ಬೆರೆಸಿ ಚೀಲಕ್ಕೆ ತುಂಬಿ, ಬಸಳೆ ತುಂಡು ಯಾರ ಮನೆಯಲ್ಲಿ ಸಿಗುತ್ತದೆ ಅಂತ ಈಗಲೇ ಹೇಳಿಟ್ಟುಕೊಳ್ಳಿ.